ಅಮ್ಮನೊಡನೆ ಮಲ್ಪೆಯ ನಡುಗಡ್ಡೆಗೆ

ಬಯಲುಸೀಮೆಯವರಾದ ನಮಗೆ ನೀರೆಂದರೆ ಮೂರೇ ಬಗೆ: ಕೆರೆಯ ನೀರು, ಕಾಲುವೆಯ ನೀರು, ಹೊಳೆಯ ನೀರು. ದಾವಣಗೆರೆಯಲ್ಲಿ ಇಬ್ಬರು ರೈತರು ಸೇರಿದರೆ ಭದ್ರಾ ಕಾಲುವೆಯ ಮಾತು ಬಂದೇ ಬರುತ್ತದೆ. ಹರಿಹರಕ್ಕೆ ಹೋದರೆ ಹೊಳೆಯ ಮಾತು. ಕಡಲೆಂಬುದು ನಮ್ಮ ಪಾಲಿಗೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ, ಶೇಷಶಾಯಿಯ ಕೆಳಗೆ ನೀಲಿಯ ಬಣ್ಣದಲ್ಲಿ ಹರಡಿಕೊಂಡಿರುವ ವಸ್ತು. ಆದ್ದರಿಂದ ಎಪ್ಪತ್ತಾರು ವರ್ಷದ ನನ್ನ ತಾಯಿ ಒಂದು ಸಂಜೆ ಅಕ್ಕಿ ಆರಿಸುತ್ತಿದ್ದವರು ಮೊರವನ್ನು ಕೆಳಗಿಟ್ಟು, “ನನಗೊಂದು ಸಲ ಸಮುದ್ರ ತೋರಿಸಪ್ಪ. ದಡದಲ್ಲಿ ನಿಂತು ನೋಡೋದಲ್ಲ, ನಡುವೆ ನಿಂತು ನೋಡಬೇಕು” ಎಂದಾಗ ಮನೆಯವರೆಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು.

ಅಮ್ಮ ಹೀಗೆ ಬೇಡುವವರಲ್ಲ. ಮದುವೆಯಾಗಿ ಹರಿಹರಕ್ಕೆ ಬಂದಂದಿನಿಂದ ಐವತ್ತು ವರ್ಷಗಳಿಗೂ ಮಿಕ್ಕಿ ಅವರ ಬಾಳು ಹರಿಹರೇಶ್ವರನ ಗುಡಿಗೂ ತುಂಗಭದ್ರೆಯ ಮೆಟ್ಟಿಲುಗಳಿಗೂ ನಡುವೆ ಕಳೆಯಿತು. ತಂದೆಯವರು ಅಲ್ಲಿಯ ಯಂತ್ರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಎಂಟು ವರ್ಷಗಳ ಹಿಂದೆ ಅವರು ತೀರಿಕೊಂಡಾಗ ಅದೇ ಹೊಳೆಯಲ್ಲಿ ಅಸ್ಥಿಯನ್ನು ಬಿಟ್ಟೆವು. ಆ ಬಳಿಕ ಅಮ್ಮನನ್ನು ದಾವಣಗೆರೆಗೆ ಕರೆತಂದೆ. ದೂರ ಹದಿನಾಲ್ಕು ಕಿಲೋಮೀಟರು ಮಾತ್ರ. ಆದರೂ “ಹೊಳೆ ಇಲ್ಲದ ಊರು” ಎಂಬ ಒಂದು ಕೊರತೆಯನ್ನು ಅವರು ಇಂದಿಗೂ ಬಿಟ್ಟುಕೊಟ್ಟಿಲ್ಲ. ಬೆಣ್ಣೆದೋಸೆಯಿಂದಾಗಲಿ ಮಂಡಕ್ಕಿ ಮೆಣಸಿನಕಾಯಿಯಿಂದಾಗಲಿ ತುಂಬುವ ಕೊರತೆ ಅದಲ್ಲ.

ಸಮುದ್ರವನ್ನು ನೋಡುವ ಆಸೆ ಎಲ್ಲಿಂದ ಹುಟ್ಟಿತೆಂದು ನಾನು ಊಹಿಸಬಲ್ಲವನಾಗಿದ್ದೆ. ನದಿಗೆ ಬಿಟ್ಟದ್ದು ಸಮುದ್ರಕ್ಕೆ ಸೇರುತ್ತದೆ. ಅಲ್ಲಿಯೇ ನನ್ನ ತೊಡಕೂ ಇತ್ತು. ತುಂಗಭದ್ರೆ ನಮಗೆ ಹತ್ತಿರವಾದ ಪಡುಗಡಲಿಗೆ ಹೋಗುವ ನದಿಯಲ್ಲ. ಅದು ಕರ್ನೂಲಿನ ಆಚೆ ಕೃಷ್ಣೆಯನ್ನು ಕೂಡಿ, ಆಂಧ್ರದ ಉದ್ದಕ್ಕೂ ಹರಿದು, ಬಂಗಾಳಕೊಲ್ಲಿಯನ್ನು ಸೇರತಕ್ಕದ್ದು. ಈ ಸಂಕಟವನ್ನು ಹೆಂಡತಿಯ ಮುಂದೆ ತೋಡಿಕೊಂಡೆ. ಅವಳು ಒಗ್ಗರಣೆಯ ಸೌಟನ್ನು ಬಿಡದೆಯೇ, “ಅತ್ತೆ ಕೇಳಿದ್ದು ಸಮುದ್ರ. ಯಾವ ಸಮುದ್ರ ಅಂತ ನೀವು ಯಾಕೆ ಕೇಳಿಕೊಳ್ತೀರಿ?” ಎಂದಳು. ಅಲ್ಲಿಗೆ ತೀರ್ಮಾನವಾಯಿತು. ಮಲ್ಪೆಗೆ ಹೋಗುವುದು, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ. ಸಮುದ್ರದ ನಡುವೆ ನಿಲ್ಲಬೇಕೆಂಬ ಕರಾರನ್ನು ಪೂರೈಸಲು ಅದಕ್ಕಿಂತ ಸುಲಭವಾದ ಜಾಗ ನಮ್ಮ ನಾಡಿನಲ್ಲಿ ಇನ್ನೊಂದು ತೋರಲಿಲ್ಲ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಬಿಡುವುದಿಲ್ಲ. ಕಡಲು ಅಡಗಿದ ಮೇಲೆಯೇ ಹೋಗಬೇಕು. ಡಿಸೆಂಬರಿನಲ್ಲಿ, ಮಗಳ ಶಾಲೆಗೆ ರಜೆ ಬಂದಾಗ, ನಾಲ್ವರೂ ಬಾಡಿಗೆಯ ಕಾರಿನಲ್ಲಿ ಹೊರಟೆವು. ಸುಮಾರು ೨೫೦ ಕಿಲೋಮೀಟರಿನ ದಾರಿ.

ಹರಿಹರದಲ್ಲಿ ಇಳಿಯದೆ ಮುಂದೆ ಹೋಗುವುದು ಸಾಧ್ಯವಿರಲಿಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, ೧೨೨೪ರ ಸುಮಾರಿಗೆ, ಪೊಲಾಳ್ವ ದಂಡನಾಥನು ಕಟ್ಟಿಸಿದ ಗುಡಿಯದು. ೧೨೬೮ರಲ್ಲಿ ಸೋಮ ದಂಡನಾಯಕನು ಅದಕ್ಕೆ ಐದು ನೆಲೆಯ ಮಹಾದ್ವಾರವನ್ನು ಸೇರಿಸಿದನೆಂದು ಶಾಸನ ಹೇಳುತ್ತದೆ. ಒಳಗಿನ ಕಂಬಗಳು ಕನ್ನಡಿಯಂತೆ ನುಣುಪಾದವು. ಗರ್ಭಗುಡಿಯಲ್ಲಿ ನಿಂತಿರುವ ದೇವರು ಬಲಗಡೆ ಶಿವ, ಎಡಗಡೆ ವಿಷ್ಣು. ಅಮ್ಮ ಕೈಮುಗಿದು, ಹೊಳೆಯ ಕಡೆಗೂ ಒಮ್ಮೆ ಹೋಗಿ, ತಲೆಗೆ ನೀರು ಚಿಮುಕಿಸಿಕೊಂಡು, ಒಂದು ಚಿಕ್ಕ ತಾಮ್ರದ ಚೊಂಬನ್ನು ತುಂಬಿಸಿ, ಅದರ ಬಾಯಿಗೆ ಬಟ್ಟೆ ಕಟ್ಟಿ ತಂದರು. ಏಕೆಂದು ನಾವು ಕೇಳಲಿಲ್ಲ.

ಅಲ್ಲಿಂದ ಹೊನ್ನಾಳಿ, ಶಿವಮೊಗ್ಗ. ಶಿವಮೊಗ್ಗಕ್ಕೆ ಹತ್ತಿರದ ಕೂಡಲಿಯಲ್ಲಿ ತುಂಗೆ ಭದ್ರೆಗಳೆರಡೂ ಒಂದಾಗುತ್ತವೆ. ಅದನ್ನು ದಾಟಿದ ಮೇಲೆ ನಮ್ಮ ಜೊತೆಗೆ ಬಂದದ್ದು ತುಂಗೆಯೊಂದೇ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಆಮೇಲೆ ಮಂಡಗದ್ದೆ. ಮಂಡಗದ್ದೆಯಲ್ಲಿ ನದಿಯ ನಡುವೆ ಒಂದು ಚಿಕ್ಕ ನಡುಗಡ್ಡೆಯಿದೆ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಅಲ್ಲಿಯ ಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. ನಾವು ಹೋದಾಗ ಹಕ್ಕಿಗಳಿರಲಿಲ್ಲ, ಬರಿಯ ಮರಗಳು. ಆದರೂ ಕಾರು ನಿಲ್ಲಿಸಿ ನೋಡಿದೆವು.

ತೀರ್ಥಹಳ್ಳಿಯಿಂದ ಮುಂದೆ ದಾರಿ ಕಾಡಿನೊಳಗೆ ನುಗ್ಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ದಾವಣಗೆರೆಗೆ ಬೀಳುವುದು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಈ ಊರಿನ ನೆತ್ತಿಯೇ ನೀರಿನ ಎಲ್ಲೆ. ಘಟ್ಟದ ಅಂಚಿನಿಂದ ಪಡುವಣಕ್ಕೆ ಜಾರಿದ ಮಳೆ ಸೀತಾನದಿಯನ್ನು ಸೇರಿ, ಹೆಬ್ರಿಯ ಕಡೆಯಿಂದ ಹಾದು, ಮಲ್ಪೆಗೆ ಬಡಗಣದಲ್ಲಿರುವ ಕೋಡಿಬೆಂಗ್ರೆಯ ಬಳಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಕೂಗಳತೆಯ ಮೂಡಣಕ್ಕೆ ಬಿದ್ದ ಮಳೆ ಮಾಲತಿಯ ಮೂಲಕ ತುಂಗೆಗೆ, ತುಂಗೆಯಿಂದ ನಮ್ಮ ಹರಿಹರಕ್ಕೆ, ಅಲ್ಲಿಂದ ಇಡೀ ಪರ್ಯಾಯದ್ವೀಪವನ್ನು ದಾಟಿ ಇನ್ನೊಂದು ಕಡಲಿಗೆ. ತುಂಗಾ ಭದ್ರಾ ನದಿಗಳು ಹುಟ್ಟುವ ವರಾಹಪರ್ವತದ ಗಂಗಾಮೂಲದಿಂದ ಹಕ್ಕಿ ಹಾರುವ ಲೆಕ್ಕದಲ್ಲಿ ಪಡುಗಡಲು ಐವತ್ತು ಕಿಲೋಮೀಟರಿನ ಆಸುಪಾಸು. ತುಂಗಭದ್ರೆಯಾದರೋ ಆ ಕಡಲಿಗೆ ಬೆನ್ನು ತಿರುಗಿಸಿ, ಕೂಡಲಿಯಿಂದ ಕೃಷ್ಣೆಯನ್ನು ಸೇರುವವರೆಗೆ ೫೩೧ ಕಿಲೋಮೀಟರು ಹರಿಯುತ್ತದೆ. ಮನೆಯ ಹಿತ್ತಿಲಿನಲ್ಲಿ ಬಾವಿಯಿದ್ದರೂ ಊರಾಚೆಯ ಕೆರೆಗೆ ಕೊಡ ಹೊತ್ತು ಹೋಗುವ ಸೊಸೆಯ ಹಾಗೆ! ಇದಕ್ಕೆ ಕಾರಣವೇನೆಂಬುದು ನನಗೆ ಮರುದಿನ, ನೀರಿನ ನಡುವೆ, ಕಲ್ಲಿನ ಮೇಲೆ ಕುಳಿತಾಗ ಮನಸ್ಸಿಗೆ ಹತ್ತಿತು.

ಹದಿನಾಲ್ಕು ತಿರುವುಗಳ ಘಾಟಿಯನ್ನಿಳಿದು, ರಾತ್ರಿ ಉಡುಪಿಯಲ್ಲಿ ತಂಗಿ, ಬೆಳಿಗ್ಗೆ ಕೃಷ್ಣನ ದರ್ಶನ ಮಾಡಿಕೊಂಡು ಮಲ್ಪೆಗೆ ಬಂದೆವು. ಗೋಪೀಚಂದನದ ಗಡ್ಡೆಯೊಳಗಿದ್ದ ಆ ಕೃಷ್ಣನು ಮಧ್ವಾಚಾರ್ಯರಿಗೆ ದೊರೆತದ್ದು ಮಲ್ಪೆಯ ಕಡಲಿನಲ್ಲಿ, ತೊಂದರೆಗೆ ಸಿಕ್ಕಿದ್ದ ಹಡಗಿನಿಂದ ಎಂಬ ಕಥೆಯನ್ನು ಅಮ್ಮ ಮೊಮ್ಮಗಳಿಗೆ ಹೇಳುತ್ತಲೇ ಬಂದರು. ಬಂದರಿನಲ್ಲಿ ಮೀನಿನ ವಾಸನೆ ಹೊಡೆಯಿತು. ಅಮ್ಮ ಸೆರಗನ್ನು ಮೂಗಿಗೆ ಹಿಡಿದರೂ ಕಣ್ಣನ್ನು ಮಾತ್ರ ಮುಚ್ಚಲಿಲ್ಲ. ಸಾಲುಸಾಲಾಗಿ ನಿಂತ ಬಣ್ಣದ ದೋಣಿಗಳು, ಬುಟ್ಟಿ ಹೊತ್ತ ಹೆಂಗಸರು, ಐಸಿನ ಗಾಡಿಗಳು, ತಲೆಯ ಮೇಲೆ ಸುತ್ತುತ್ತಿದ್ದ ಗರುಡಗಳು. ನಮ್ಮೂರಿನಲ್ಲಿ ಒಂದು ಗರುಡ ಕಂಡರೆ ನಿಂತು ಕೆನ್ನೆ ಬಡಿದುಕೊಳ್ಳುವ ಅಮ್ಮ ಇಲ್ಲಿ ಹತ್ತು ಹದಿನೈದರವರೆಗೆ ಕೈಮುಗಿದು, ಕೊನೆಗೆ ಎಲ್ಲಕ್ಕೂ ಸೇರಿಸಿ ಒಂದು ನಮಸ್ಕಾರ ಹಾಕಿ ಮುಗಿಸಿದರು.

ದೋಣಿಯ ಪ್ರಯಾಣ ಸುಮಾರು ಆರು ಕಿಲೋಮೀಟರು. ಮೊದಲ ಹತ್ತು ನಿಮಿಷ ಅಮ್ಮ ನನ್ನ ಮಣಿಕಟ್ಟನ್ನು ಬಿಡಲಿಲ್ಲ. ಮಡಿಲಿನಲ್ಲಿ ಚೊಂಬು, ಮೈಮೇಲೆ ಕಿತ್ತಳೆ ಬಣ್ಣದ ತೇಲಂಗಿ. ದಡ ಹಿಂದೆ ಸರಿದು ತೆಂಗಿನ ತೋಟಗಳು ಒಂದು ಹಸಿರು ಗೆರೆಯಾದಾಗ ಹಿಡಿತ ಸಡಿಲಿತು. ನಡುಗಡ್ಡೆಯ ಹತ್ತಿರ ನೀರು ಆಳವಿಲ್ಲದ್ದರಿಂದ ನಮ್ಮನ್ನು ಸಣ್ಣ ದೋಣಿಗೆ ಇಳಿಸಿದರು. ಈ ಇಳಿಯುವ ಘಳಿಗೆಯನ್ನು ನೆನೆದೇ ನಾನು ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. ಒಂದು ದೋಣಿ ಏಳುವಾಗ ಇನ್ನೊಂದು ಇಳಿಯುತ್ತದೆ. ನಡುವೆ ಕಾಲಿಡಬೇಕಾದದ್ದು ಮಂಡಿನೋವಿನ ಮುದುಕಿ. ದೋಣಿಯ ಹುಡುಗನೊಬ್ಬ, ಇಪ್ಪತ್ತು ವರ್ಷವಿದ್ದೀತು, “ಅಮ್ಮಾ, ನಾನು ಹೇಳುವಾಗ ಕಾಲಿಡಿ, ಅದಕ್ಕಿಂತ ಮೊದಲು ಬೇಡ” ಎಂದು ಎರಡು ಅಲೆಗಳನ್ನು ಹೋಗಗೊಟ್ಟು, ಮೂರನೆಯದಕ್ಕೆ “ಹ್ಞಾ!” ಎಂದ. ಅಮ್ಮ ದಾಟಿದ್ದರು. ಹೊಳೆಯ ಮೆಟ್ಟಿಲಿನ ಪಾಚಿಯ ಮೇಲೆ ಐವತ್ತು ವರ್ಷ ಹೆಜ್ಜೆಯಿಟ್ಟವರಿಗೆ ಕಾಲು ಎಲ್ಲಿಡಬೇಕೆಂಬುದು ನಮಗಿಂತ ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ.

ಇಲ್ಲಿರುವುದು ಒಂದು ದ್ವೀಪವಲ್ಲ, ಒಂದು ಗುಂಪು. ಮುಖ್ಯವಾದವು ನಾಲ್ಕು. ಪ್ರವಾಸಿಗರನ್ನು ಇಳಿಸುವುದು ತೆಂಗಿನ ದ್ವೀಪದಲ್ಲಿ. ತೋನ್ಸೆಪಾರ್ ಎಂಬುದೂ ಸ್ಥಳೀಯರ ಬಾಯಲ್ಲಿರುವ ಹೆಸರು. ಉದ್ದ ಅರ್ಧ ಕಿಲೋಮೀಟರು, ಅಗಲ ನೂರು ಮೀಟರಿನಷ್ಟು. ನಡುವೆ ತೆಂಗಿನ ಮರಗಳು. ದಡದಲ್ಲಿ ಹಲವು ಕಡೆ ಮರಳಿಗೆ ಬದಲಾಗಿ ಚಿಪ್ಪುಗಳೇ ರಾಶಿ ಬಿದ್ದಿವೆ; ನಡೆದರೆ ಕಾಲಡಿಯಲ್ಲಿ ಮಂಡಕ್ಕಿ ತುಳಿದ ಸದ್ದು. ಆದರೆ ಜನ ಬೆರಗಾಗುವುದು ಕಲ್ಲುಗಳನ್ನು ಕಂಡು. ಯಾರೋ ಸ್ಥಪತಿ ಅಳೆದು ಕೊರೆದು ನಿಲ್ಲಿಸಿದಂತೆ, ಐದು ಮುಖದ, ಆರು ಮುಖದ, ಏಳು ಮುಖದ ಕಂಬಗಳು ಒತ್ತೊತ್ತಾಗಿ ನಿಂತಿವೆ. ಕೆಲವು ಮೊಣಕಾಲೆತ್ತರ, ಅತಿ ಎತ್ತರವಾದವು ಆರು ಮೀಟರಿನಷ್ಟು. ಹಿಂದಿನ ದಿನ ಪೊಲಾಳ್ವನ ಗುಡಿಯ ಕಂಬಗಳನ್ನು ನೋಡಿ ಬಂದಿದ್ದ ಅಮ್ಮ ಮೊದಲು ಕೇಳಿದ ಪ್ರಶ್ನೆ, “ಇದನ್ನ ಯಾರು ಕಟ್ಟಿಸಿದ್ದು?”

ಉತ್ತರ ಕೊಟ್ಟವಳು ಒಂಬತ್ತನೆಯ ತರಗತಿಯ ನನ್ನ ಮಗಳು. ಅವಳು ಈ ಪ್ರಯಾಣಕ್ಕೆಂದೇ ಓದಿಕೊಂಡು ಬಂದಿದ್ದಳು. “ಅಜ್ಜೀ, ಬೇಸಿಗೆಯಲ್ಲಿ ನಮ್ಮ ಎರೆಹೊಲ ಹೇಗೆ ಬಿರಿಯುತ್ತೆ?” ಎಂದು ಅವಳು ತೊಡಗಿದ್ದನ್ನು ಕೇಳಿ ನನಗೆ ಸಂತೋಷವಾಯಿತು. ದಾವಣಗೆರೆಯ ಸುತ್ತಿನ ಎರೆಮಣ್ಣು ನೀರಾರಿದಂತೆಲ್ಲ ಕುಗ್ಗುತ್ತದೆ. ಕುಗ್ಗಲು ಎಡೆ ಸಾಲದೆ ಬಿರುಕು ಬಿಡುತ್ತದೆ. ಬಿರುಕುಗಳು ಒಂದನ್ನೊಂದು ಸಂಧಿಸಿ ಐದಾರು ಮೂಲೆಯ ಹೆಂಟೆಗಳಾಗುತ್ತವೆ. ಇಲ್ಲಿಯೂ ನಡೆದದ್ದು ಅದೇ. ಭೂಮಿಯ ಒಳಗಿನಿಂದ ಉಕ್ಕಿದ ಕಲ್ಲಿನ ಪಾಕ ಮೇಲಿನಿಂದ ಆರುತ್ತ ಬಂದಾಗ ಕುಗ್ಗಿ ಬಿರಿಯಿತು. ಆರುವುದು ಒಳಕ್ಕೆ ಇಳಿದಂತೆ ಬಿರುಕೂ ನೇರವಾಗಿ ಇಳಿಯುತ್ತ ಹೋಯಿತು. ಹೀಗೆ ಹೆಂಟೆಯಾಗಬೇಕಾದದ್ದು ಕಂಬವಾಯಿತು. ಐರ್ಲೆಂಡಿನ ಕಡಲಂಚಿನಲ್ಲಿ ‘ದೈತ್ಯನ ಕಾಲುದಾರಿ’ ಎಂದು ಹೆಸರಾದ ಜಾಗದಲ್ಲಿಯೂ ಇಂಥ ಕಂಬಗಳೇ ಇವೆ. ಅವು ಬಸಾಲ್ಟ್ ಎಂಬ ಕರಿಗಲ್ಲು. ಮಲ್ಪೆಯವನ್ನೂ ಹಿಂದೆ ಹಾಗೆಯೇ ಕರೆಯುತ್ತಿದ್ದರು. ಪರೀಕ್ಷಿಸಿ ನೋಡಿದಾಗ ಇವು ಸಿಲಿಕ ಹೆಚ್ಚಾಗಿರುವ ರಯೋಲೈಟ್, ಡೇಸೈಟ್ ಜಾತಿಯ ಕಲ್ಲುಗಳೆಂದು ತಿಳಿಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಆ ಪಟ್ಟಿಯಲ್ಲಿ ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯೂ ಇದೆ. ಅಲ್ಲಿಯ ದಿಂಬಿನಾಕಾರದ ಕಲ್ಲುಗಳು ನೀರಿನಡಿಯಲ್ಲಿ ಉಕ್ಕಿದ ಪಾಕದಿಂದ ಆದವು. ಎಂದರೆ ೨೫೦ ಕೋಟಿ ವರ್ಷಗಳ ಹಿಂದೆ ನಮ್ಮ ಬಯಲುಸೀಮೆಯೂ ಕಡಲೇ!

ಆ ಲೆಕ್ಕಕ್ಕೆ ಮಲ್ಪೆಯ ಕಲ್ಲುಗಳು ಎಳೆಯ ಮಕ್ಕಳು. ವಯಸ್ಸು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಆಗ ಭಾರತವೂ ಮಡಗಾಸ್ಕರವೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅವೆರಡೂ ಸೀಳಿ ಬೇರೆಯಾಗುವಾಗ ಉಕ್ಕಿದ ಬೆಂಕಿಯ ಗುರುತೇ ಈ ಕಂಬಗಳು. ಇದೇ ವಯಸ್ಸಿನ ಕಲ್ಲುಗಳು ಇಂದು ಸುಮಾರು ನಾಲ್ಕು ಸಾವಿರ ಕಿಲೋಮೀಟರು ಆಚೆ, ಮಡಗಾಸ್ಕರದಲ್ಲಿ ಬಿದ್ದಿವೆ. ಮಗಳು ಎರಡು ಅಂಗೈಗಳನ್ನು ಜೋಡಿಸಿ, ಬಿಡಿಸಿ ತೋರಿಸಿದಳು. ಅಮ್ಮ ಅದನ್ನು ಕಣ್ಣು ಕಿರಿದುಮಾಡಿ ನೋಡಿ, “ಹರಿಹರನನ್ನ ಸೀಳಿದ ಹಾಗೆ ಆಯ್ತಲ್ಲೇ” ಎಂದರು.

ದ್ವೀಪದ ಹೆಸರಿನ ಬಗೆಗೆ ನನ್ನದೊಂದು ಸಣ್ಣ ಆಕ್ಷೇಪಣೆಯಿದೆ. ವಾಸ್ಕೋ ಡ ಗಾಮನು ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ಇಲ್ಲಿಯೇ ಎಂದು ನಮ್ಮ ಪಕ್ಕದಲ್ಲೇ ಒಬ್ಬರು ತಮ್ಮ ಸಂಸಾರಕ್ಕೆ ಬಣ್ಣಿಸುತ್ತಿದ್ದರು. ಹಾಗಲ್ಲ. ಅವನು ೧೪೯೮ರ ಮೇ ತಿಂಗಳಿನಲ್ಲಿ ಮುಟ್ಟಿದ್ದು ಕಲ್ಲೀಕೋಟೆಯನ್ನು. ಅಲ್ಲಿಯ ಸಾಮೂದಿರಿಯೊಡನೆ ಮನಸ್ತಾಪವಾಗಿ, ಆಗಸ್ಟಿನ ಕೊನೆಯಲ್ಲಿ ಹೊರಟು, ತೀರದ ಗುಂಟ ಬಡಗಣಕ್ಕೆ ಹೋಗುತ್ತಿದ್ದಾಗ, ಸೆಪ್ಟೆಂಬರಿನಲ್ಲಿ ಈ ದ್ವೀಪಗಳಲ್ಲೊಂದರ ಮೇಲೆ ತನ್ನ ಅರಸನ ಗುರುತಾಗಿ ಒಂದು ಕಂಬವನ್ನು ನೆಡಿಸಿದ. ಆ ಕಂಬಕ್ಕಿಟ್ಟ ಹೆಸರು ಸಾಂತಾ ಮರಿಯಾ. ಎಂದರೆ, ಇದು ಬಂದವನ ಗುರುತಲ್ಲ, ಹಿಂದಿರುಗಿದವನ ಗುರುತು. ಆ ಕಂಬ ಈಗ ಇಲ್ಲ. ಲೆಕ್ಕವಿಲ್ಲದಷ್ಟು ಕಂಬಗಳಿರುವ ದ್ವೀಪಕ್ಕೆ, ಇಲ್ಲವಾಗಿ ಹೋದ ಒಂದು ಕಂಬದ ಹೆಸರು ಉಳಿದುಕೊಂಡಿದೆ.

ನಮಗೆ ಹತ್ತಿರವಾದ ಚರಿತ್ರೆ ಇನ್ನೊಂದು ದ್ವೀಪದ್ದು. ದರಿಯಾ ಬಹಾದ್ದೂರಗಡ ಎಂಬ ಆ ದ್ವೀಪದಲ್ಲಿ ಬಿದನೂರಿನ ಬಸಪ್ಪ ನಾಯಕನು ಕೋಟೆ ಕಟ್ಟಿಸಿದನೆಂದು ಹೇಳುತ್ತಾರೆ. ಘಟ್ಟದ ಮೇಲೆ ಮಲೆನಾಡು, ಕೆಳಗೆ ಕರಾವಳಿ, ಎರಡನ್ನೂ ಆಳಿದ ಕೆಳದಿಯ ವಂಶದವನು ಆತ. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ಆ ರಾಜ್ಯ ಮುಗಿಯಿತು. ಅದೇ ಹೈದರನು ದಾವಣಗೆರೆಯನ್ನು ಮರಾಠಾ ಸರದಾರ ಅಪ್ಪೋಜಿರಾಮನಿಗೆ ಜಹಗೀರಾಗಿ ಕೊಟ್ಟ. ಅಪ್ಪೋಜಿರಾಮನು ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದ್ದರಿಂದ ನಮ್ಮೂರು ಪೇಟೆಯಾಯಿತು. ನಾನು ಕುಳಿತು ಲೆಕ್ಕ ಬರೆಯುವ ಅಂಗಡಿಬೀದಿಯ ಮೂಲವೂ ಅಲ್ಲಿಯೇ ಇದೆ.

ಮಧ್ಯಾಹ್ನದ ಹೊತ್ತಿಗೆ ಜನ ಹೆಚ್ಚಿತು. ಕಾವಲಿನವರು ಮತ್ತೆ ಮತ್ತೆ ಸೀಟಿ ಊದುತ್ತಿದ್ದರು. ಕಂಬಗಳ ತುದಿಗೆ ಹತ್ತಿ, ಕಡಲಿಗೆ ಬೆನ್ನು ಮಾಡಿ, ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುವ ಚಪಲ ತರುಣರಿಗೆ. ಹೀಗೆ ನಿಂತಿದ್ದವರನ್ನು ಅಲೆ ಎಳೆದೊಯ್ದದ್ದುಂಟು. ಪ್ರಾಣ ಹೋದದ್ದೂ ಉಂಟು. ಸೀಟಿಯವರನ್ನು ಗೇಲಿ ಮಾಡುತ್ತಿದ್ದ ಒಂದು ಗುಂಪಿಗೆ ನನ್ನ ಹೆಂಡತಿ, ಪರಿಚಯವಿಲ್ಲದಿದ್ದರೂ, “ಮನೆಯಲ್ಲಿ ತಾಯಿ ಇದ್ದಾರೇನ್ರಪ್ಪ?” ಎಂದು ಕೇಳಿದಳು. ಅವರು ಇಳಿದು ಬಂದರು.

ಅಮ್ಮ ಇದಾವುದನ್ನೂ ಗಮನಿಸದೆ ಪಡುವಣ ಬದಿಯ ಒಂದು ಮೊಟಕು ಕಂಬದ ಮೇಲೆ ಕುಳಿತಿದ್ದರು. ಮೂರು ಕಡೆಯೂ ನೀರು. ಚೊಂಬಿನ ಬಟ್ಟೆಯನ್ನು ಬಿಚ್ಚತೊಡಗಿದಾಗ ಮಗಳು, ತಡೆಯಲಾರದೆ, “ಅಜ್ಜೀ, ನಮ್ಮ ತುಂಗಭದ್ರೆ ಈ ಸಮುದ್ರಕ್ಕೆ ಬರೋದೇ ಇಲ್ಲ” ಎಂದುಬಿಟ್ಟಳು. ನಾನು ಕಣ್ಣುಸನ್ನೆ ಮಾಡುವಷ್ಟರಲ್ಲಿ ಮಾತು ಆಡಿಯಾಗಿತ್ತು.

ಅಮ್ಮ ಗಂಟು ಬಿಚ್ಚುವುದನ್ನು ನಿಲ್ಲಿಸಲಿಲ್ಲ. “ಗೊತ್ತಿಲ್ವೇನೇ ನನಗೆ? ಐವತ್ತು ವರ್ಷ ಅದರ ದಡದಲ್ಲಿ ಬಟ್ಟೆ ಒಗೆದಿದೀನಿ. ಸೋಪಿನ ನೊರೆ ಯಾವ ಕಡೆ ಹೋಗ್ತಿತ್ತು ಅಂತ ನೋಡಿಲ್ವಾ? ಬಡಗಲಿಗೆ ಹೋಗಿ ಮೂಡಲಿಗೆ ತಿರುಗೋ ಹೊಳೆ ಅದು. ನಿಮ್ಮ ತಾತ ಅದರ ಜೊತೆ ಆ ಕಡೆ ಹೋದ್ರು. ಈ ಕಡೆ ಇಷ್ಟು ಹತ್ತಿರ ಸಮುದ್ರ ಇಟ್ಕೊಂಡು ಯಾಕೆ ಹೋಗ್ಲಿಲ್ಲ ಅಂತ ನೋಡೋಕೆ ಬಂದೆ. ಅವರಿಗೆ ಇದನ್ನ ನೋಡೋ ಆಸೆ ಇತ್ತು, ಕಾರ್ಖಾನೆ ರಜ ಕೊಡ್ಲಿಲ್ಲ” ಎಂದು ಹೇಳಿ, ಚೊಂಬಿನ ನೀರನ್ನು ಕಲ್ಲಿನ ಬುಡಕ್ಕೆ, ಅಲೆ ಬಂದು ಮುಟ್ಟುವ ಕಡೆ, ನಿಧಾನವಾಗಿ ಸುರಿದರು.

ಆ ಪ್ರಶ್ನೆಗೆ ಉತ್ತರ ಅಮ್ಮ ಕುಳಿತಿದ್ದ ಕಲ್ಲಿನಲ್ಲಿಯೇ ಇತ್ತು. ನೆಲ ಸೀಳುವಾಗ ಸೀಳಿನ ಅಂಚು ಮೇಲೇಳುತ್ತದೆ. ಮಡಗಾಸ್ಕರ ಕಳಚಿಕೊಂಡಾಗಲೂ, ಮುಂದೆ ಆರು ಕೋಟಿ ವರ್ಷಗಳಿಗೂ ಹಿಂದೆ ಸೆಷೆಲ್ಸ್ ದ್ವೀಪಗಳ ನೆಲ ಬೇರೆಯಾದಾಗಲೂ ನಮ್ಮ ಪಡುವಣ ಅಂಚು ಎದ್ದು ನಿಂತಿತು. ಒಳನಾಡು ಮೂಡಣಕ್ಕೆ ಓರೆಯಾಯಿತು. ಆ ಎದ್ದ ಅಂಚೇ, ಸವೆದು ಹಿಂದೆ ಸರಿದು, ಇಂದಿನ ಸಹ್ಯಾದ್ರಿ. ಯಾವ ಸೀಳಿನ ಪಾಲು ಎಷ್ಟು, ಘಟ್ಟ ಎಂದು ಎಷ್ಟು ಎದ್ದಿತು ಎಂಬುದರಲ್ಲಿ ವಿದ್ವಾಂಸರಿಗೆ ಇನ್ನೂ ಚರ್ಚೆಯಿದೆ. ಆದರೆ ನೀರು ಓರೆಯನ್ನು ಹಿಡಿದು ಮೂಡಣಕ್ಕೆ ಹರಿಯಿತೆಂಬುದರಲ್ಲಿ ಚರ್ಚೆಯಿಲ್ಲ. ಇದನ್ನು ಅಮ್ಮನಿಗೆ ಹೇಳಿದೆ, ಊಟದ ಎಲೆಯ ಒಂದು ಅಂಚನ್ನು ಎತ್ತಿದರೆ ಸಾರು ಯಾವ ಕಡೆ ಹೋಗುತ್ತದೆ ನೋಡು ಎಂದು. ಅವರಿಗೆ ಅರ್ಥವಾಯಿತು. “ಹಾಗಾದ್ರೆ ತಪ್ಪು ಹೊಳೇದಲ್ಲ” ಎಂದರು.

ಮೂರು ಗಂಟೆಯ ದೋಣಿಗೆ ಮರಳಿದೆವು. ಮಗಳು ಅಜ್ಜಿಯ ಚೊಂಬಿಗೆ ಒಂದು ಬೊಗಸೆ ಚಿಪ್ಪು ತುಂಬಿದ್ದಳು. ದೋಣಿಯಲ್ಲಿ ಅಮ್ಮ ನನ್ನ ಮಣಿಕಟ್ಟನ್ನು ಹಿಡಿಯಲಿಲ್ಲ. ತುಂಗಭದ್ರೆ ಕೃಷ್ಣೆಯನ್ನು ಸೇರುವ ಜಾಗಕ್ಕೆ ಏನು ಹೆಸರು, ಅಲ್ಲಿಗೆ ರೈಲು ಹೋಗುತ್ತದೆಯೇ ಎಂದು ವಿಚಾರಿಸಿದರು. ಅದು ಸಂಗಮೇಶ್ವರ; ಕರ್ನೂಲಿನವರೆಗೆ ರೈಲು, ಮುಂದೆ ರಸ್ತೆ. ಶ್ರೀಶೈಲದ ಅಣೆಕಟ್ಟು ಆದಂದಿನಿಂದ ಅಲ್ಲಿಯ ಹಳೆಯ ಗುಡಿ ವರ್ಷದ ಹೆಚ್ಚು ಕಾಲ ನೀರಿನೊಳಗಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಹೊರಗೆ ಕಾಣುತ್ತದೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿ, “ಬೇಸಿಗೇಲಿ ನನ್ನ ಮಂಡಿನೋವೂ ಕಡಿಮೆ ಇರುತ್ತೆ. ಯುಗಾದಿ ಹಬ್ಬ ಮುಗಿಸಿಕೊಂಡು ಹೊರಡೋಣ” ಎಂದರು.